ಕಾಲುವೆ ತೋಡುವುದು ಸುಲಭ, ಮುಚ್ಚುವುದೇ ಕಷ್ಟ: ತಂಪಾಗಿಸುವ ರಾಕೆಟ್ ನಾಝಲ್‌ಗೆ ಯಾವ ವಿಧಾನ ಆರಿಸಬೇಕು?

ಕಾಲೇಜಿನ ರಾಕೆಟ್ ತಂಡದ ಹುಡುಗರು ಡ್ರಾಯಿಂಗ್ ಹಿಡಿದು ಬಂದರೆ ಮೊದಲು ಕೇಳುವುದು ಒಂದೇ ಮಾತು: "ಸರ್, ತ್ರೀಡಿ ಪ್ರಿಂಟ್ ಮಾಡಿಸಿಬಿಡೋಣ್ವಾ?" ಸ್ಟಾರ್ಟಪ್‌ನವರು ಬಂದರೆ ಕತೆ ಸ್ವಲ್ಪ ಬೇರೆ. ಪ್ರಿಂಟ್ ಮಾಡಿಸಿದ ಚೇಂಬರ್, ಅಂದರೆ ಇಂಧನ ಉರಿಯುವ ಕೋಣೆ, ಒಂದು ಆಗಲೇ ಕೈಯಲ್ಲಿರುತ್ತದೆ. ನೀರು ಬಿಟ್ಟು ನೋಡಿರುತ್ತಾರೆ, ಒತ್ತಡ ಲೆಕ್ಕಕ್ಕಿಂತ ಜಾಸ್ತಿ ಕುಸಿಯುತ್ತಿರುತ್ತದೆ. "ಹಳೇ ಪದ್ಧತೀಲೇ ಮಿಲ್ಲಿಂಗ್ ಮಾಡಿ ಬ್ರೇಜ್ ಮಾಡಿಸಿದ್ರೆ ಹೇಗೆ?" ಅನ್ನುತ್ತಾರೆ. ಅಂದರೆ ಕಾಲುವೆಗಳನ್ನು ಕಟರ್‌ನಿಂದ ತೋಡಿ, ಮೇಲಿನ ಕವಚವನ್ನು ಕುಲುಮೆಯಲ್ಲಿ ಬೆಸೆಯುವುದು. ಇಬ್ಬರಿಗೂ ಒಂದೇ ಉತ್ತರ ಕೊಡಲು ಬರುವುದಿಲ್ಲ. ಆದರೆ ಇಬ್ಬರೂ ಒಂದೇ ಕಡೆಯಿಂದ ಯೋಚನೆ ಶುರು ಮಾಡಬಹುದು.

ಸಮಸ್ಯೆ ಇಷ್ಟು. ನಾಝಲ್ ಎಂದರೆ ಎಂಜಿನ್ನಿನ ಬಿಸಿ ಅನಿಲ ಹೊರನುಗ್ಗುವ ಬಾಯಿ. ದೊಡ್ಡ ಎಂಜಿನ್ನಿನ ಒಳಗಿನ ಅನಿಲ 3,300 ಡಿಗ್ರಿ ಸೆಲ್ಸಿಯಸ್‌ವರೆಗೂ ಕಾಯುತ್ತದೆ. ತಾಮ್ರ ಕರಗುವುದು 1,085 ಡಿಗ್ರಿಗೆ. ಗೋಡೆ ಉಳಿಯಬೇಕಾದರೆ ಉರಿಯಬೇಕಾದ ಇಂಧನವನ್ನೇ ಮೊದಲು ಗೋಡೆಯೊಳಗೆ ಹರಿಸಿ, ಆಮೇಲೆ ಅದನ್ನು ಉರಿಯುವ ಕೋಣೆಗೆ ಚಿಮ್ಮಿಸುವ ಇಂಜೆಕ್ಟರ್‌ಗೆ ಕಳಿಸಬೇಕು. ಅಂದರೆ ಒಂದು ಮಿಲಿಮೀಟರ್ ದಪ್ಪದ ಗೋಡೆಯ ಬೆನ್ನಿಗೆ ಒಂದು ಮಿಲಿಮೀಟರ್ ಅಗಲದ ನೂರಾರು ಕಾಲುವೆಗಳು ಬೇಕು. ಕಾಲುವೆ ತೋಡುವುದು ಒಳ್ಳೆಯ ಮಿಲ್ಲಿಂಗ್ ಮಷೀನ್ ಇರುವ ಯಾವ ವರ್ಕ್‌ಶಾಪಿಗೂ ಬರುತ್ತದೆ. ಅದರ ಮೇಲೆ ಸೋರದ ಮುಚ್ಚಳ ಕೂರಿಸುವುದು ಬೇರೆಯದೇ ಕಸುಬು. ಕಳೆದ ಎಪ್ಪತ್ತು–ಎಂಬತ್ತು ವರ್ಷಗಳಲ್ಲಿ ಬಂದ ವಿಧಾನಗಳೆಲ್ಲ ಈ ಮುಚ್ಚಳದ ಪ್ರಶ್ನೆಗೆ ಕೊಟ್ಟ ಬೇರೆಬೇರೆ ಉತ್ತರಗಳು ಎಂದೇ ನಾನು ನೋಡುತ್ತೇನೆ.

ಮೊದಲು ಅಳತೆಗೋಲು

ವೆಂಡರ್‌ಗೆ ಫೋನ್ ಮಾಡುವ ಮುಂಚೆ ಕಾಗದದ ಮೇಲೆ ಬರೆದುಕೊಳ್ಳಬೇಕಾದ ನಾಲ್ಕು ಸಂಗತಿಗಳಿವೆ. ಅದರಲ್ಲಿ ಮೊದಲನೆಯದಕ್ಕೇ ಅರ್ಧ ತೂಕ.

ಅದು ಕುತ್ತಿಗೆಯಲ್ಲಿ, ಅಂದರೆ ನಾಝಲ್ ಅತಿ ಕಿರಿದಾಗುವ ಜಾಗದಲ್ಲಿ, ಬೀಳುವ ಶಾಖ. ಒಂದು ಸಣ್ಣ ಲೆಕ್ಕ ಮಾಡೋಣ. ಚದರ ಸೆಂಟಿಮೀಟರಿಗೆ 1 ಕಿಲೋವ್ಯಾಟ್ ಶಾಖ ಗೋಡೆಗೆ ನುಗ್ಗುತ್ತಿದೆ, ಗೋಡೆ 1 ಮಿಲಿಮೀಟರ್ ದಪ್ಪ ಎಂದಿಟ್ಟುಕೊಳ್ಳಿ. ಗೋಡೆ ತಾಮ್ರದ ಮಿಶ್ರಲೋಹದ್ದಾದರೆ ಬಿಸಿ ಮೈಗೂ ತಂಪು ಮೈಗೂ ನಡುವೆ ಸುಮಾರು 30 ಡಿಗ್ರಿ ವ್ಯತ್ಯಾಸ. ಅದೇ ಇನ್‌ಕೊನೆಲ್ ಎಂಬ ನಿಕ್ಕಲ್ ಮಿಶ್ರಲೋಹವಾದರೆ ಸುಮಾರು 500 ಡಿಗ್ರಿ. ಇನ್‌ಕೊನೆಲ್ ಗಟ್ಟಿ ಆಳು, ಆ ಬಿಸಿಯನ್ನು ಒಂದಷ್ಟು ತಡೆದುಕೊಳ್ಳುತ್ತದೆ. ಆದರೆ ಅಮೆರಿಕದ ಸ್ಪೇಸ್ ಶಟಲ್‌ನ ಆರ್‌ಎಸ್-25 ಎಂಜಿನ್ನಿನ ಕುತ್ತಿಗೆಯಲ್ಲಿ ಬೀಳುವ ಶಾಖ ಚದರ ಸೆಂಟಿಮೀಟರಿಗೆ 10 ಕಿಲೋವ್ಯಾಟಿಗೂ ಮೇಲೆ. ಮನೆಯ ಐದು ಗೀಸರ್‌ಗಳ ಶಾಖವನ್ನೆಲ್ಲ ಒಂದು ಉಗುರಿನಷ್ಟು ಜಾಗಕ್ಕೆ ಸುರಿದ ಹಾಗೆ. ಅಲ್ಲಿ ತಾಮ್ರ ಬಿಟ್ಟರೆ ಗತಿಯಿಲ್ಲ. ಲೋಹ ಯಾವುದೆಂದು ತೀರ್ಮಾನವಾದರೆ ವಿಧಾನಗಳ ಪಟ್ಟಿ ತಾನಾಗಿಯೇ ಅರ್ಧ ಆಗುತ್ತದೆ.

ಎರಡನೆಯದು ಗಾತ್ರ: ಅಂಗೈಯಲ್ಲಿ ಕೂರುವ ನಾಝಲ್ಲೋ, ಒಳಗೆ ಮನುಷ್ಯ ನಿಲ್ಲಬಹುದಾದದ್ದೋ. ಮೂರನೆಯದು ಎಷ್ಟು ಮಾಡಬೇಕು, ಎಷ್ಟು ಸಲ ಡ್ರಾಯಿಂಗ್ ಬದಲಾಗುತ್ತದೆ ಎನ್ನುವುದು. ಇದನ್ನು ಹೊಸಬರು ಸದಾ ತಪ್ಪು ಅಂದಾಜು ಮಾಡುತ್ತಾರೆ. "ಒಂದೇ ಡಿಸೈನ್ ಸರ್, ಫೈನಲ್" ಎಂದವರು ಮೂರು ತಿಂಗಳಲ್ಲಿ ನಾಲ್ಕನೇ ಆವೃತ್ತಿ ತಂದಿದ್ದಾರೆ.

ನಾಲ್ಕನೆಯದು ಮುಚ್ಚಳ ಹಾಕಿದ ಮೇಲೆ ಒಳಗೆ ಏನಾಗಿದೆ ಎಂದು ನೋಡುವ ದಾರಿ ಯಾವುದು, ಕೆಟ್ಟರೆ ರಿಪೇರಿ ಆಗುತ್ತದೆಯೇ ಎಂಬುದು. ಒಂದೇ ಸಲ ಹಾರಿ ಸಮುದ್ರಕ್ಕೆ ಬೀಳುವ ಎಂಜಿನ್ನಿಗೂ ಐವತ್ತು ಸಲ ಉರಿಯಬೇಕಾದ ಎಂಜಿನ್ನಿಗೂ ಇಲ್ಲಿ ಅಜಗಜಾಂತರ. ಪ್ರತಿ ಸಲ ಉರಿದು ಆರಿದಾಗಲೂ ತಾಮ್ರದ ಬಿಸಿ ಗೋಡೆ ಹಿಗ್ಗಿ ಕುಗ್ಗಿ, ಕಾಲುವೆಯ ತಲೆ ಗುಡಿಸಲಿನ ಮಾಡಿನಂತೆ ಉಬ್ಬಿ ತೆಳುವಾಗುತ್ತಾ ಹೋಗಿ, ಕೊನೆಗೊಂದು ದಿನ ಬಿರಿಯುತ್ತದೆ.

ಕೊಳವೆಗಳ ಕಟ್ಟು

ಮುಚ್ಚಳದ ತಲೆನೋವೇ ಬೇಡ ಎಂದವರ ದಾರಿ ಇದು. ಕೊಳವೆಗೆ ಹುಟ್ಟಿನಿಂದಲೇ ಮುಚ್ಚಳವಿದೆ. ಸಣ್ಣ ಕೊಳವೆಗಳನ್ನು ನಾಝಲ್‌ನ ಆಕಾರಕ್ಕೆ ಬಗ್ಗಿಸಿ, ಪಕ್ಕಪಕ್ಕದಲ್ಲಿ ನಿಲ್ಲಿಸಿ, ಕುಲುಮೆಯಲ್ಲಿ ಬ್ರೇಜ್ ಮಾಡಿ ಒಂದು ಮಾಡುವುದು. ಚಂದ್ರನ ಮೇಲೆ ಮನುಷ್ಯರನ್ನು ಇಳಿಸಿದ ಸ್ಯಾಟರ್ನ್-5ರ ಎಫ್-1 ಎಂಜಿನ್ನಿನ ಗೋಡೆ ಇಂಥದ್ದೇ. ಮೇಲ್ಭಾಗದಲ್ಲಿ 178 ಇನ್‌ಕೊನೆಲ್ ಕೊಳವೆಗಳು, ಕೆಳಗೆ ನಾಝಲ್ ಅಗಲವಾದಂತೆ ಒಂದೊಂದೂ ಎರಡಾಗಿ ಕವಲೊಡೆದು 356. ಆರ್‌ಎಲ್-10 ಎಂಬ ಮೇಲಿನ ಹಂತದ ಎಂಜಿನ್ 1963ರಿಂದ ಹಾರುತ್ತಿರುವುದೂ ಸ್ಟೇನ್‌ಲೆಸ್ ಸ್ಟೀಲ್ ಕೊಳವೆಗಳ ಮೈಯಲ್ಲೇ.

ಇದರ ಗುಣ: ಹಗುರ. ದುಂಡು ಕೊಳವೆ ಒಳಗಿನ ಒತ್ತಡವನ್ನು ಚೆನ್ನಾಗಿ ತಡೆಯುವುದರಿಂದ ಗೋಡೆ ಬಹಳ ತೆಳುವಾಗಿರಬಹುದು. ಗಾತ್ರಕ್ಕೂ ಮಿತಿ ಕಡಿಮೆ. ಆರ್‌ಎಸ್-25ರ ನಾಝಲ್ ಸುಮಾರು 3 ಮೀಟರ್ ಉದ್ದ, ಬಾಯಿ 2.4 ಮೀಟರ್ ಅಗಲ, ಅದರಲ್ಲಿ 1,080 ಕೊಳವೆಗಳು.

ಇನ್ನೊಂದು ಗುಣ ಕಂಡದ್ದು 1999ರ ಜುಲೈ 23ರಂದು. ಸುಬ್ರಹ್ಮಣ್ಯನ್ ಚಂದ್ರಶೇಖರ್ ಹೆಸರಿನ ಚಂದ್ರಾ ದೂರದರ್ಶಕವನ್ನು ಹೊತ್ತು ಕೊಲಂಬಿಯಾ ಶಟಲ್ ಏಳುವಾಗ, ಇಂಜೆಕ್ಟರ್‌ನಿಂದ ಕಿತ್ತು ಬಂದ ಚಿನ್ನದ ಲೇಪದ ಪುಟ್ಟ ಪಿನ್ ಒಂದು ನಾಝಲ್‌ನ ಒಳಮೈಗೆ ಬಡಿದು ಮೂರು ಕೊಳವೆ ಹರಿಯಿತು. ಹೈಡ್ರೋಜನ್ ಸೋರುತ್ತಲೇ ಶಟಲ್ ಮೇಲೇರಿತು. ಗುರಿಯ ವೇಗಕ್ಕೆ ಸೆಕೆಂಡಿಗೆ ಐದು ಮೀಟರ್‌ನಷ್ಟು ಕಡಿಮೆ ಬಿತ್ತು, ಅಷ್ಟೆ. ಮೂರು ಹೋದರೂ ಉಳಿದ ಕೊಳವೆಗಳು ತಮ್ಮ ಕೆಲಸ ಮಾಡುತ್ತಿದ್ದವು.

ಆದರೆ ಕೊಳವೆ ಎಂದರೆ ಕ್ಷೇಮ ಎಂದೂ ಹೇಳುವಂತಿಲ್ಲ. 2002ರ ಡಿಸೆಂಬರ್ 11ರಂದು ಯುರೋಪಿನ ಏರಿಯಾನ್-5 ಇಸಿಎಯ ಮೊದಲ ಹಾರಾಟದಲ್ಲಿ ವಲ್ಕೇನ್-2 ಎಂಜಿನ್ನಿನ ನಾಝಲ್ ಕೊಳವೆಗಳು ಬಿರುಕುಬಿಟ್ಟು, ತಂಪು ತಪ್ಪಿ, ನಾಝಲ್ಲೇ ಸೊಟ್ಟಗಾಗಿ, ಎರಡು ಉಪಗ್ರಹಗಳ ಸಮೇತ ರಾಕೆಟ್ ನಾಶವಾಯಿತು.

ಇದನ್ನು ಯಾರು ಆರಿಸಬೇಕು? ನಿಜ ಹೇಳಬೇಕೆಂದರೆ ಇವತ್ತು ಹೊಸದಾಗಿ ಶುರುಮಾಡುವವರು ಯಾರೂ ಬೇಡ. ಪ್ರತಿ ಕೊಳವೆಯ ಅಡ್ಡಕೊಯ್ತ ಉದ್ದಕ್ಕೂ ಬದಲಾಗುತ್ತಾ ಹೋಗಬೇಕು, ಅದಕ್ಕೆ ಡೈಗಳು ಬೇಕು, ಅವನ್ನು ಎಳೆ ಬಿಡದಂತೆ ಜೋಡಿಸುವ ಕೈ ಬೇಕು, ಆ ಗಾತ್ರದ ಕುಲುಮೆ ಬೇಕು. ಇದೆಲ್ಲ ಆಗಲೇ ಇರುವವರಿಗೆ ಮಾತ್ರ ಲಾಭ.

ತೋಡಿದ ಕಾಲುವೆ, ಬ್ರೇಜ್ ಮಾಡಿದ ಕವಚ

ತಾಮ್ರದ ಮಿಶ್ರಲೋಹದ ದಪ್ಪ ಗಟ್ಟಿಯನ್ನು ಲೇತಿನಲ್ಲಿ ನಾಝಲ್ ಆಕಾರಕ್ಕೆ ತಿರುಗಿಸಿ, ಹೊರಮೈಯಲ್ಲಿ ತೆಳು ಸ್ಲಿಟ್ಟಿಂಗ್ ಕಟರ್‌ನಿಂದ ಒಂದೊಂದಾಗಿ ಕಾಲುವೆ ಸೀಳಿ, ಮೇಲೆ ಸ್ಟೀಲಿನ ಕವಚ ತೊಡಿಸಿ, ನಿರ್ವಾತ ಕುಲುಮೆಯಲ್ಲಿ ಬ್ರೇಜ್ ಮಾಡುವುದು. ಸೋವಿಯತ್ ಎಂಜಿನಿಯರುಗಳು ಈ ದಾರಿಯನ್ನು ಪಳಗಿಸಿದರು. ಸೊಯೂಜ್ ರಾಕೆಟ್ಟಿನ ಆರ್‌ಡಿ-107 ಎಂಜಿನ್ ಇದೇ ಕುಲದ್ದು. ಶಾಖ ಕಡಿಮೆ ಇರುವ ಕೆಳಭಾಗದಲ್ಲಿ ತೋಡುವ ಶ್ರಮವೂ ಬೇಡವೆಂದು ಅವರು ಎರಡು ತಗಡುಗಳ ನಡುವೆ ಅಲೆಅಲೆಯಾಗಿ ಮಡಿಸಿದ ಮೂರನೇ ತಗಡನ್ನಿಟ್ಟು ಬ್ರೇಜ್ ಮಾಡುತ್ತಿದ್ದರು. ಅಗ್ಗದ ಉಪಾಯ, ಬುದ್ಧಿವಂತ ಉಪಾಯ. ಇಸ್ರೋದ ಕ್ರಯೋಜೆನಿಕ್ ಎಂಜಿನ್‌ಗಳ ಥ್ರಸ್ಟ್ ಚೇಂಬರ್ ಸಹ ತಾಮ್ರದ ಒಳಗೋಡೆ, ನಿರ್ವಾತ ಬ್ರೇಜಿಂಗ್ ಎಂಬ ಇದೇ ದಾರಿಯದು. ಈ ಎಂಜಿನ್‌ಗಳನ್ನು ತಯಾರಿಸಲೆಂದೇ ಬೆಂಗಳೂರಿನ ಎಚ್‌ಎಎಲ್‌ನಲ್ಲಿ 2022ರ ಸೆಪ್ಟೆಂಬರ್‌ನಲ್ಲಿ ಪ್ರತ್ಯೇಕ ಘಟಕವೊಂದು ಉದ್ಘಾಟನೆಯಾಯಿತು.

ಬ್ರೇಜಿಂಗ್ ಎಂದರೆ ಅಕ್ಕಸಾಲಿಗ ಬಳೆಗೆ ಬೆಸುಗೆ ಹಾಕುವ ವಿದ್ಯೆಯೇ. ಮೂಲ ಲೋಹ ಕರಗಬಾರದು, ನಡುವಿನ ಬೆಸುಗೆ ಲೋಹ ಮಾತ್ರ ಕರಗಿ ಸಂದಿಗೆ ಹರಿಯಬೇಕು. ಅದು ಎಲ್ಲಿಗೆ ಹರಿಯುತ್ತದೆ ಎನ್ನುವುದೇ ಪ್ರಶ್ನೆ. ನಾನು ಕೆಲಸ ಮಾಡುತ್ತಿದ್ದ ಒಂದು ವರ್ಕ್‌ಶಾಪಿನಲ್ಲಿ 72 ಕಾಲುವೆಗಳ ಒಂದು ಪರೀಕ್ಷಾ ತುಂಡು ಕುಲುಮೆಯಿಂದ ಹೊರಬಂದಾಗ ನೋಡಲು ಮದುವೆಯ ಕಳಶದ ಹಾಗಿತ್ತು. ನೀರು ಬಿಟ್ಟೆವು. ಸುತ್ತಲೂ ಚಿಮ್ಮಬೇಕಾದ ನೀರಿನ ಎಳೆಗಳ ನಡುವೆ ಒಂದು ಕಡೆ ಹಲ್ಲು ಬಿದ್ದ ಬಾಯಿಯಂತೆ ಮೂರು ಎಳೆ ಕಾಣೆ. ಅಡ್ಡ ಕತ್ತರಿಸಿ ಲೆನ್ಸ್ ಹಿಡಿದರೆ, ಕವಚದ ಕೆಳಗಿಡುವ ಬೆಸುಗೆ ಹಾಳೆ ಆ ಜಾಗದಲ್ಲಿ ಎರಡು ಪದರವಾಗಿ ಕೂತಿತ್ತು. ಹೆಚ್ಚಾದದ್ದು ಕರಗಿ ಕಾಲುವೆಗೆ ಇಳಿದು, ಬಿಳಿಯ ಹನಿಯಾಗಿ ಗಟ್ಟಿಯಾಗಿತ್ತು. ಹಾಳೆ ಕಡಿಮೆಯಾದರೆ ಇದರ ತಿರುಗುಮುರುಗು: ಕಾಲುವೆಗಳ ನಡುವಿನ ದಿಂಡು ಕವಚಕ್ಕೆ ಅಂಟದೆ, ಒತ್ತಡ ಏರಿದಾಗ ಮುಚ್ಚಳ ಮೇಲೇಳುತ್ತದೆ. ಕವಚಕ್ಕೂ ದಿಂಡಿಗೂ ನಡುವಿನ ಸಂದಿ ಕೂದಲೆಳೆಯಷ್ಟು ಬದಲಾದರೂ ಫಲಿತಾಂಶ ಬದಲಾಗುತ್ತದೆ.

ಹೀಗಿದ್ದೂ, ಒಂದೇ ಡಿಸೈನಿನ ಹತ್ತಾರು ಎಂಜಿನ್ ಮಾಡುವವರಿಗೆ, ತಾಮ್ರವೇ ಬೇಕೆನ್ನುವವರಿಗೆ ಇದು ಇಂದಿಗೂ ನಂಬಿಗಸ್ತ ದಾರಿ. ಕಾಲುವೆಯ ಮೈ ನುಣುಪಾಗಿರುತ್ತದೆ, ಅಳತೆ ಬಿಗಿಯಾಗಿರುತ್ತದೆ, ಒತ್ತಡದ ಕುಸಿತ ಲೆಕ್ಕಕ್ಕೆ ಸರಿಹೊಂದುತ್ತದೆ. ಮುಚ್ಚಳ ಹಾಕುವ ಮುಂಚೆ ಪ್ರತಿ ಕಾಲುವೆಯನ್ನೂ ಕಣ್ಣಾರೆ ನೋಡಬಹುದು. ಈ ಕೊನೆಯ ಸೌಲಭ್ಯ ಮುಂದೆ ಪ್ರಿಂಟಿಂಗ್‌ನಲ್ಲಿ ಇಲ್ಲವಾಗುತ್ತದೆ, ನೆನಪಿಟ್ಟುಕೊಳ್ಳಿ.

ಗಿಲೀಟು ಹಾಕಿ ಗೋಡೆ ಬೆಳೆಸುವುದು

ಬೆಸುಗೆ ಹರಿಯುವ ತಾಪತ್ರಯ ಬೇಡವೆಂದರೆ ಇದು. ತೋಡಿದ ಕಾಲುವೆಗೆ ಮೇಣ ತುಂಬಿ, ಮೇಣದ ಮೈಗೆ ವಿದ್ಯುತ್ ಹರಿಯುವಂತೆ ಲೋಹದ ಪುಡಿ ತೀಡಿ, ಲವಣದ ತೊಟ್ಟಿಯಲ್ಲಿ ಮುಳುಗಿಸಿ ನಿಕ್ಕಲ್ ಬೆಳೆಸುತ್ತಾರೆ. ಪೂಜೆಯ ಪಾತ್ರೆಗೆ ಗಿಲೀಟು ಹಾಕುವ ತತ್ವವೇ, ಆದರೆ ಇಲ್ಲಿ ಪದರ ಮಿಲಿಮೀಟರುಗಟ್ಟಲೆ ದಪ್ಪ. ಕೊನೆಗೆ ಬಿಸಿಮಾಡಿದರೆ ಮೇಣ ಕರಗಿ ಹೊರಬಂದು ಕಾಲುವೆ ಉಳಿಯುತ್ತದೆ. ಆರ್‌ಎಸ್-25ರ ದಹನಕೋಣೆಯ 390 ಕಾಲುವೆಗಳು ಮುಚ್ಚಿದ್ದು ಹೀಗೆ. ಹೈಡ್ರೋಜನ್ ತಾಗಿದರೆ ನಿಕ್ಕಲ್ ಪೆಡಸಾಗುತ್ತದೆಂದು ಮೊದಲು ತೆಳ್ಳಗೆ ತಾಮ್ರ, ಅದರ ಮೇಲೆ ನಿಕ್ಕಲ್. ಯುರೋಪಿನ ವಲ್ಕೇನ್ ಎಂಜಿನ್ನಿನ ಕೋಣೆಯೂ ಹೀಗೇ.

ಜೋಡಣೆ ಅಪ್ಪಟ. ಆದರೆ ಸಮಯ ತಿನ್ನುತ್ತದೆ: ವಾರಗಟ್ಟಲೆ ತೊಟ್ಟಿಯಲ್ಲಿ, ನಡುನಡುವೆ ಹೊರತೆಗೆದು ಮೈ ಸಮ ಮಾಡಿ ಮತ್ತೆ ತೊಟ್ಟಿಗೆ. ಅಮೆರಿಕನ್ನರೇ ಹೊಸ ಆರ್‌ಎಸ್-25ಗಳಿಗೆ ಈ ದಾರಿ ಬಿಟ್ಟು, ಬಿಸಿ ಅನಿಲದ ಒತ್ತಡದಲ್ಲಿ ಒಳಗೋಡೆಗೂ ಕವಚಕ್ಕೂ ಬೆಸೆಯುವ ವಿಧಾನಕ್ಕೆ ಹೋದರು. ಸಣ್ಣ ಬಜೆಟ್ಟಿನವರು ಈ ಪ್ಯಾರಾವನ್ನು ಇತಿಹಾಸವೆಂದು ಓದಿಕೊಂಡರೆ ಸಾಕು.

ಲೇಸರ್ ಮುಚ್ಚಳ

ದೊಡ್ಡ ನಾಝಲ್‌ನವರು ಗಮನವಿಟ್ಟು ನೋಡಬೇಕಾದದ್ದು ಇದು. ತಗಡಿನ ಶಂಕುವಿನ ಮೇಲೆ ಕಾಲುವೆ ತೋಡಿ, ಇನ್ನೊಂದು ತಗಡು ಹೊದಿಸಿ, ಹೊರಗಿನಿಂದ ಲೇಸರ್ ಹಾಯಿಸಿ ಪ್ರತಿ ದಿಂಡಿಗೂ ಬೆಸೆಯುವುದು. ಏರಿಯಾನ್-6ರ ವಲ್ಕೇನ್-2.1ಕ್ಕೆ ಸ್ವೀಡನ್ನಿನಲ್ಲಿ ಜಿಕೆಎನ್ ಕಂಪನಿ ಹೀಗೆ ನಾಝಲ್ ಮಾಡಿತು. ಹಿಂದೆ ಸುಮಾರು 1,000 ಬಿಡಿಭಾಗಗಳಿದ್ದ ಜಾಗದಲ್ಲಿ ಸುಮಾರು 100, ಖರ್ಚು 40 ಶೇಕಡಾ ಇಳಿಕೆ ಎಂದು ಅವರೇ ಹೇಳಿದ ಲೆಕ್ಕ. ನಾಸಾದವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಹೊದಿಕೆ ತಗಡನ್ನೂ ಬಿಟ್ಟರು: ಕಾಲುವೆಯ ಬಾಯಿಗೆ ತಂತಿಯನ್ನಿಟ್ಟು ಲೇಸರ್‌ನಿಂದ ಕರಗಿಸುತ್ತಾ, ಒಂದು ಕಡೆಯಿಂದ ಹೊಲಿಗೆ ಹಾಕಿದಂತೆ ಮುಚ್ಚುತ್ತಾ ಹೋಗುವುದು. ಮೇಣ ಬೇಡ, ಬೆಸುಗೆ ಹಾಳೆ ಬೇಡ, ಕುಲುಮೆ ಬೇಡ.

ತಾಮ್ರದ ಕುತ್ತಿಗೆಗಿಂತ ಸ್ಟೀಲ್ ಅಥವಾ ನಿಕ್ಕಲ್ ಮಿಶ್ರಲೋಹದ ಕೆಳಭಾಗಕ್ಕೆ ಇದು ಹೆಚ್ಚು ಒಪ್ಪುತ್ತದೆ. ತಾಮ್ರ ಬೆಸುಗೆಯ ಶಾಖವನ್ನು ಅಲ್ಲಿ ನಿಲ್ಲಗೊಡದೆ ಓಡಿಸಿಬಿಡುತ್ತದೆ.

ಈಗ ಪ್ರಿಂಟಿಂಗ್

ಲೋಹದ ಪುಡಿಯ ತೆಳು ಪದರ ಹರಡಿ, ಬೇಕಾದಲ್ಲಿ ಲೇಸರ್‌ನಿಂದ ಕರಗಿಸಿ, ಮೇಲೆ ಇನ್ನೊಂದು ಪದರ. ಕಾಲುವೆ, ಮುಚ್ಚಳ ಎರಡೂ ಒಟ್ಟಿಗೇ ಹುಟ್ಟುತ್ತವೆ. ನಮ್ಮ ಸುತ್ತಲೇ ಉದಾಹರಣೆಗಳಿವೆ. ಚೆನ್ನೈನ ಅಗ್ನಿಕುಲ್ ಒಂದೇ ತುಂಡಾಗಿ ಪ್ರಿಂಟ್ ಮಾಡಿದ ಎಂಜಿನ್ನನ್ನು 2024ರ ಮೇ 30ರಂದು ಶ್ರೀಹರಿಕೋಟದಿಂದ ಹಾರಿಸಿತು. ಅದೇ ತಿಂಗಳ 9ರಂದು ಇಸ್ರೋ, ಪಿಎಸ್‌ಎಲ್‌ವಿಯ ನಾಲ್ಕನೇ ಹಂತದ ಪ್ರಿಂಟ್ ಮಾಡಿದ ಎಂಜಿನ್ನನ್ನು 665 ಸೆಕೆಂಡು ಉರಿಸಿತು. ಪ್ರಿಂಟ್ ಮಾಡಿದ್ದು ಬೆಂಗಳೂರಿನ ವಿಪ್ರೋ ತ್ರೀಡಿ. 14 ಬಿಡಿಭಾಗ ಒಂದಾಯಿತು, 19 ಬೆಸುಗೆ ಇಲ್ಲವಾಯಿತು, 565 ಕಿಲೋ ಕಚ್ಚಾ ಲೋಹದ ಬದಲು 13.7 ಕಿಲೋ ಪುಡಿ ಸಾಕಾಯಿತು.

ಈ ಅಂಕಿ ನೋಡಿದ ಮೇಲೆ ಬೇರೆ ಮಾತೇಕೆ ಎನ್ನಿಸಬಹುದು. ಆದರೆ ಮುಚ್ಚಳದ ಕಷ್ಟ ಇಲ್ಲಿ ಮಾಯವಾಗುವುದಿಲ್ಲ, ವೇಷ ಬದಲಿಸುತ್ತದೆ. ಕರಗದ ಪುಡಿ ಕಾಲುವೆಯೊಳಗೇ ತುಂಬಿಕೊಂಡಿರುತ್ತದೆ. ಮಿಲಿಮೀಟರಿಗಿಂತ ಕಿರಿದಾದ, ಡೊಂಕಾದ ಕಾಲುವೆಯಿಂದ ಅದನ್ನು ತಟ್ಟಿ, ನಡುಗಿಸಿ, ಗಾಳಿ ಊದಿ ತೆಗೆಯಬೇಕು. ತೆಗೆಯುವ ಮುಂಚೆ ಯಾರಾದರೂ ಅವಸರದಲ್ಲಿ ಹೀಟ್ ಟ್ರೀಟ್‌ಮೆಂಟಿಗೆ ಕಳಿಸಿದರೆ ಪುಡಿ ಅಲ್ಲೇ ಗಟ್ಟಿಕಟ್ಟುತ್ತದೆ, ಆಮೇಲೆ ಬ್ರಹ್ಮ ಬಂದರೂ ಬಿಡಿಸಲಾರ. ಒಳಗೆ ಕಣ್ಣು ಹಾಯದು, ಸಿಟಿ ಸ್ಕ್ಯಾನ್ ಬೇಕು. ಕಾಲುವೆಯ ಮೈ ಒರಟು. ಒರಟುತನ ಶಾಖ ಹೀರಲು ಸ್ವಲ್ಪ ಸಹಾಯ ಮಾಡುತ್ತದೆ, ಅದಕ್ಕಿಂತ ಹೆಚ್ಚು ಒತ್ತಡ ತಿನ್ನುತ್ತದೆ. ಮೊದಲು ಹೇಳಿದ ಸ್ಟಾರ್ಟಪ್‌ನವರ ಗೋಳು ಇದೇ. ಅವರಿಗೆ ಮಿಲ್ಲಿಂಗ್‌ಗೆ ಹೋಗಿ ಎನ್ನಲಿಲ್ಲ. ಕಾಲುವೆಯನ್ನು ಸ್ವಲ್ಪ ಅಗಲ ಮಾಡಿ, ಕುತ್ತಿಗೆಯಲ್ಲಿ ಮಾತ್ರ ಕಿರಿದಾಗಿಸಿ, ಮತ್ತೆ ಪ್ರಿಂಟ್ ಮಾಡಿಸಿ ಎಂದೆ. ಡ್ರಾಯಿಂಗ್ ಬದಲಿಸಿ ಮತ್ತೊಂದು ಸಲ ಒತ್ತುವ ಈ ಸ್ವಾತಂತ್ರ್ಯವೇ ಪ್ರಿಂಟಿಂಗ್‌ನ ನಿಜವಾದ ಬೆಲೆ.

ಇನ್ನು ಲೋಹ. ಸಾಮಾನ್ಯ ಅವಗೆಂಪು ಲೇಸರನ್ನು ಶುದ್ಧ ತಾಮ್ರ ಕನ್ನಡಿಯಂತೆ ಹಿಂದಕ್ಕೆ ಹೊಡೆಯುವುದರಿಂದ ಬಹುಕಾಲ ಪ್ರಿಂಟ್ ಎಂದರೆ ಇನ್‌ಕೊನೆಲ್ ಎಂದಾಗಿತ್ತು. ನಾಸಾದ ಜಿಆರ್‌ಕಾಪ್‌ನಂಥ ತಾಮ್ರ-ಕ್ರೋಮಿಯಂ-ನಿಯೋಬಿಯಂ ಮಿಶ್ರಲೋಹಗಳು ಆ ಬಾಗಿಲು ತೆರೆದವು. ಆರ್‌ಎಲ್-10ಕ್ಕೂ ನೂರಾರು ಕೊಳವೆಗಳ ಬದಲಿಗೆ ಪ್ರಿಂಟ್ ಮಾಡಿದ ತಾಮ್ರದ ಕೋಣೆಯನ್ನು 2017ರಲ್ಲಿ ಉರಿಸಿ ನೋಡಲಾಯಿತು.

ಗಾತ್ರ ಮಷೀನಿನ ಪೆಟ್ಟಿಗೆಯಷ್ಟೇ. ಅದಕ್ಕಿಂತ ದೊಡ್ಡದಕ್ಕೆ ಪುಡಿಯನ್ನು ಊದುತ್ತಲೇ ಲೇಸರ್‌ನಿಂದ ಕರಗಿಸುತ್ತಾ ರೋಬೋ ಕೈಯಿಂದ ಗೋಡೆ ಎಬ್ಬಿಸುವ ವಿಧಾನವಿದೆ. ನಾಸಾ ಹೀಗೆ ಸುಮಾರು 1 ಮೀಟರ್ ಅಗಲ, ಹತ್ತಿರಹತ್ತಿರ ಅಷ್ಟೇ ಎತ್ತರದ, ಕಾಲುವೆಗಳ ಸಮೇತದ ನಾಝಲ್ಲೊಂದನ್ನು 30 ದಿನಗಳಲ್ಲಿ ಎಬ್ಬಿಸಿತು. ಬೆಸುಗೆಯ ಹಳೇ ದಾರಿಯಲ್ಲಿ ಅದಕ್ಕೆ ಹತ್ತಿರಹತ್ತಿರ ಒಂದು ವರ್ಷ.

ಹಾಗಾದರೆ ಯಾರು ಯಾವುದಕ್ಕೆ?

ಕಾಲೇಜು ತಂಡಕ್ಕೆ ನನ್ನ ಮೊದಲ ಪ್ರಶ್ನೆ: ನಿಮಗೆ ತಂಪಾಗಿಸುವ ನಾಝಲ್ ಬೇಕೇಬೇಕೆ? ಐದು ಸೆಕೆಂಡು ಉರಿಸುವುದಾದರೆ ದಪ್ಪ ತಾಮ್ರದ ಗಟ್ಟಿಯೇ ಶಾಖ ಕುಡಿದುಕೊಂಡು ಬದುಕುತ್ತದೆ, ಗ್ರಾಫೈಟ್ ಕುತ್ತಿಗೆಯೂ ಆದೀತು. ಇಲ್ಲ, ಹತ್ತಾರು ಸೆಕೆಂಡು ಉರಿಸಲೇಬೇಕು ಎಂದರೆ, ಚೇಂಬರ್ ಒತ್ತಡ ಕಡಿಮೆ ಇಟ್ಟುಕೊಂಡು ಇನ್‌ಕೊನೆಲ್ ಪ್ರಿಂಟ್. ಗೋಡೆಯ ಒಳಮೈಗೆ ತುಸು ಇಂಧನ ಹಾಯಿಸುವ ಏರ್ಪಾಡೂ ಇರಲಿ. ಹತ್ತಿರದಲ್ಲಿ ನಂಬಿಕೆಯ ವರ್ಕ್‌ಶಾಪ್ ಇದ್ದು ಹಣ ತೀರಾ ಕಡಿಮೆಯಿದ್ದರೆ ಇನ್ನೊಂದು ದಾರಿ: ಕಾಲುವೆ ತೋಡಿದ ಒಳಗೋಡೆಯ ಮೇಲೆ ಬ್ರೇಜಿಂಗ್ ಇಲ್ಲದೆ ಬಿಗಿಯಾದ ಎರಡು ಹೋಳಿನ ಕವಚ, ತುದಿಗಳಲ್ಲಿ ಸೀಲ್. ಕಾಲುವೆಯಿಂದ ಕಾಲುವೆಗೆ ಸ್ವಲ್ಪ ಸೋರುತ್ತದೆ, ಒಳಗೋಡೆಗೆ ಕವಚದ ಆಸರೆಯೂ ಸಿಗುವುದಿಲ್ಲ, ಹಾಗಾಗಿ ಕಡಿಮೆ ಒತ್ತಡಕ್ಕೆ ಮಾತ್ರ. ಆದರೆ ಬಿಚ್ಚಿ ನೋಡಬಹುದು. ಕಲಿಯುವವರಿಗೆ ಬಿಚ್ಚಿ ನೋಡುವುದಕ್ಕಿಂತ ದೊಡ್ಡ ಪಾಠವಿಲ್ಲ.

ವರ್ಷಕ್ಕೆ ನಾಲ್ಕು ಸಲ ಡಿಸೈನ್ ಬದಲಿಸುವ ಸ್ಟಾರ್ಟಪ್‌ಗೆ ಪ್ರಿಂಟಿಂಗ್‌ಗೆ ಎದುರಾಳಿಯಿಲ್ಲ. ಶಾಖ ಜಾಸ್ತಿಯಾದರೆ ತಾಮ್ರದ ಪ್ರಿಂಟ್, ಪುಡಿ ದುಬಾರಿಯಾದರೂ ಸರಿ. ಡಿಸೈನ್ ನಿಂತು, ಸಾಲುಸಾಲಾಗಿ ಎಂಜಿನ್ ಬೇಕಾದಾಗ ಮಿಲ್ಲಿಂಗ್ ಮತ್ತು ಬ್ರೇಜಿಂಗ್‌ನ ಕೊಟೇಷನ್ನನ್ನೂ ತರಿಸಿ ಪಕ್ಕಪಕ್ಕ ಇಟ್ಟು ನೋಡಿ. ಆಗ ಪ್ರಿಂಟಿಂಗೇ ಗೆಲ್ಲಬೇಕೆಂದೇನಿಲ್ಲ.

ಮೀಟರುಗಟ್ಟಲೆ ನಾಝಲ್‌ನವರು ಇಡೀ ಎಂಜಿನ್ನಿಗೆ ಒಂದೇ ವಿಧಾನ ಹುಡುಕುವುದನ್ನು ಬಿಡಬೇಕು. ಆರ್‌ಎಸ್-25ರಲ್ಲೇ ಕೋಣೆಗೆ ತಾಮ್ರದ ಕಾಲುವೆ, ಕೆಳಗೆ ಸ್ಟೀಲ್ ಕೊಳವೆ. ಇವತ್ತಿನ ಜೋಡಿ ಎಂದರೆ ಕುತ್ತಿಗೆಯವರೆಗೆ ತಾಮ್ರ, ಪ್ರಿಂಟೋ ಬ್ರೇಜೋ. ಅದರ ಕೆಳಗೆ ಲೇಸರ್‌ನಿಂದ ಮುಚ್ಚಿದ ಇಲ್ಲವೇ ಪುಡಿ ಊದಿ ಎಬ್ಬಿಸಿದ ಭಾಗ. ಮೇಲಿನ ಹಂತದ ಎಂಜಿನ್ನಾದರೆ ಕೊನೆಯ ಭಾಗಕ್ಕೆ ಕಾಲುವೆಯೇ ಬೇಡದಿರಬಹುದು. ಪಿಎಸ್‌ಎಲ್‌ವಿಯ ನಾಲ್ಕನೇ ಹಂತಕ್ಕೆ ಇಸ್ರೋ 2024ರಲ್ಲಿ ತೋರಿಸಿದ ಕಾರ್ಬನ್-ಕಾರ್ಬನ್ ನಾಝಲ್ ಭಾಗ ಹಳೆಯ ಲೋಹದ್ದಕ್ಕಿಂತ 67 ಶೇಕಡಾ ಹಗುರ.

ಮತ್ತೆಮತ್ತೆ ಹಾರಿಸುವ ಎಂಜಿನ್‌ನವರಿಗೆ ಪ್ರಶ್ನೆ ವಿಧಾನಕ್ಕಿಂತ ಬಿಸಿ ಗೋಡೆಯ ತಾಪದ್ದು. ಗೋಡೆ ತಂಪಾದಷ್ಟೂ ಆಯಸ್ಸು. ತೆಳುಗೋಡೆ, ಕಿರಿದಾದ ಆಳದ ಕಾಲುವೆ, ನುಣುಪು ಮೈ ಇವೆಲ್ಲ ಸಿಗುವುದು ಇನ್ನೂ ಮಿಲ್ಲಿಂಗ್‌ನಲ್ಲೇ ಎಂಬುದು ನನ್ನ ಒಲವು. ಪ್ರಿಂಟಿಂಗ್‌ನವರು ಇದನ್ನು ಒಪ್ಪುವುದಿಲ್ಲ, ಅವರ ವಾದದಲ್ಲೂ ಹುರುಳಿದೆ.

ಯಾವುದನ್ನೇ ಆರಿಸಿ, ಪೂರ್ತಿ ನಾಝಲ್‌ಗೆ ಆರ್ಡರ್ ಕೊಡುವ ಮುಂಚೆ ಅದೇ ವೆಂಡರ್‌ನಿಂದ, ಅದೇ ಮಷೀನಿನಲ್ಲಿ, ಕುತ್ತಿಗೆಯ ಭಾಗದ ಅಂಗೈಯಷ್ಟು ತುಂಡೊಂದನ್ನು ಮಾಡಿಸಿಕೊಳ್ಳಿ. ಮೊದಲು ನೀರು ಬಿಟ್ಟು ಪ್ರತಿ ಕಾಲುವೆಯ ಎಳೆಯನ್ನೂ ಎಣಿಸಿ. ಆಮೇಲೆ ಕೆಲಸದ ಒತ್ತಡದ ಒಂದೂವರೆ ಪಟ್ಟು ಏರಿಸಿ ನಿಲ್ಲಿಸಿ. ಕೊನೆಗೆ ಗರಗಸಕ್ಕೆ ಕೊಟ್ಟು ಮೂರು ಕಡೆ ಅಡ್ಡ ಕೊಯ್ಸಿ, ಮೈ ಉಜ್ಜಿ, ದಿಂಡು ಮುಚ್ಚಳವನ್ನು ಮುಟ್ಟುವ ಗೆರೆಯನ್ನು ಲೆನ್ಸ್ ಹಿಡಿದು ನೋಡಿ. ತುಂಡು ಕೊಯ್ಯಲು ವೆಂಡರ್ ಹಿಂಜರಿದರೆ ಬೇರೆ ವೆಂಡರ್ ನೋಡಿ.